ಅರಿಸಿನದ ಚೆರಿ ಮರ, ನಮ್ಮ ಕಾಕಾ

ಕಾಕಾ ತೀರಿಕೊಂಡ ಹದಿನೈದು ದಿನಕ್ಕೆ ನಮ್ಮ ಕನ್ನಡ ಕೂಟದವರು ಫೋನ್ ಮಾಡಿ, "ಸ್ಮರಣ ಸಂಚಿಕೆ ತರ್ತಾ ಇದೀವಿ. ನೀವು ಅವರನ್ನ ಹತ್ತಿರದಿಂದ ಬಲ್ಲವರು. ಅವರ ಸೌಮ್ಯ ಸ್ವಭಾವದ ಬಗ್ಗೆ ಎರಡು ಪುಟ ಬರೆದುಕೊಡಿ" ಎಂದರು. ಅಂಥ ದುಃಖದಲ್ಲೂ ನನಗೆ ನಗು ಬಂತು. ಕಾಕಾ ಸೌಮ್ಯರೇ! ಅವರ ಬಾಯಿಗೆ ಹೆದರಿ ದಾರಿ ಬದಲಿಸುತ್ತಿದ್ದವರೇ ಈಗ ಹೀಗೆ ಹೇಳುತ್ತಿದ್ದಾರೆ. ಸತ್ತವರನ್ನು ಹೊಗಳಬೇಕು ಸರಿ, ಆದರೆ ಗುರುತೇ ಸಿಗದ ಹಾಗೆ ಹೊಗಳಿದರೆ ಏನು ಬಂತು?

ಹೆಸರು ಬರೆಯುವುದಿಲ್ಲ. ಧಾರವಾಡದ ಕಡೆಯ ಒಂದಿಬ್ಬರು ಅವರನ್ನು ಕಾಕಾ ಎಂದು ಕರೆಯುತ್ತಿದ್ದರು. ಅದನ್ನು ಕೇಳಿ ಮೈಸೂರಿನವರಾದ ನಾವೂ ಹಾಗೇ ಕರೆದೆವು. ನಮ್ಮ ಮಕ್ಕಳು ಮಾತ್ರ "ಟ್ರೀ ಅಂಕಲ್" ಅನ್ನುತ್ತಿದ್ದರು.

ಇನ್ನೊಂದು ಮಾತನ್ನೂ ಈಗಲೇ ಹೇಳಿ ಹಗುರಾಗುತ್ತೇನೆ. ಕಾಕಾ ಕೆಲಸ ಮಾಡುತ್ತಿದ್ದ ಪಾರ್ಕಿನಲ್ಲಿ ಒಂದು ಮರವಿತ್ತು. ಅದು ಒಂದೇ ಒಂದು ಬೇಸಿಗೆ, ಆಗಸ್ಟ್ ತಿಂಗಳವರೆಗೆ ನಿಂತಿದ್ದರೆ ಸಾಕಿತ್ತು. ಮೇ ತಿಂಗಳಲ್ಲೇ ಉರುಳಿತು. ಉರುಳಿಸಿದವಳು ನಾನು. ಕೊಡಲಿ ಮುಟ್ಟದೆ ಮರ ಉರುಳಿಸುವುದು ಹೇಗೆ ಎಂದು ಕೇಳಿದರೆ, ಸ್ವಲ್ಪ ತಾಳಿ, ಹೇಳುತ್ತೇನೆ.

ನಾನು ಈ ದೇಶಕ್ಕೆ ಬಂದದ್ದು ಅರುವತ್ತೊಂಬತ್ತರ ಚಳಿಗಾಲದಲ್ಲಿ. ನಮ್ಮ ಯಜಮಾನರು ಎಂಜಿನಿಯರು. ಮೆಟುಚೆನ್ ಎಂಬ ಸಣ್ಣ ಊರಿನಲ್ಲಿ ಎರಡು ಕೋಣೆಯ ಅಪಾರ್ಟ್‌ಮೆಂಟು. ಶುಕ್ರವಾರದ ಪೂಜೆಗೆ ಒಂದು ಹೂವಿಲ್ಲ ಎಂಬುದೇ ನನಗೆ ದೊಡ್ಡ ಸಂಕಟವಾಗಿತ್ತು. ಏಪ್ರಿಲ್ ಬಂತು. ಅರ್ಧ ಗಂಟೆ ಡ್ರೈವ್ ದೂರದ ಕೌಂಟಿ ಪಾರ್ಕಿಗೆ ಯಜಮಾನರು ಕರೆದುಕೊಂಡು ಹೋದರು. ಕಾರಿನಿಂದ ಇಳಿದು ನೋಡುತ್ತೇನೆ, ಎಲೆಯೇ ಇಲ್ಲದ ಮರಗಳ ತುಂಬ ಬಿಳಿ ಹೂವು! ಹಿಂದೆಮುಂದೆ ನೋಡದೆ ಒಂದು ಕೊಂಬೆ ಬಗ್ಗಿಸಿ ಕೈ ಹಾಕಿದೆ.

"ಲೇಡೀ! ನೋ ಪಿಕಿಂಗ್!" ಎಂದು ಯಾರೋ ಗದರಿದರು. ಖಾಕಿ ಶರ್ಟಿನ, ಕುಳ್ಳಗಿನ, ಕಪ್ಪಗಿನ ಮನುಷ್ಯ. ಕೈಯಲ್ಲಿ ಗರಗಸ.

ನಾನು ಕೊಂಬೆ ಬಿಟ್ಟು ಯಜಮಾನರಿಗೆ ಕನ್ನಡದಲ್ಲಿ ಗೊಣಗಿದೆ. "ಯಾರೋ ಮಾಲಿ ಕಣ್ರೀ. ಏನು ದರ್ಪ ನೋಡಿ!"

"ಮಾಲಿ ಅಲ್ರೀ ಅಕ್ಕಾರ, ಗಾರ್ಡನರ್, ಗ್ರೇಡ್ ಟೂ" ಎಂದರು ಆ ಮನುಷ್ಯ ಕನ್ನಡದಲ್ಲಿ. "ದರ್ಪ ಅಂತೀರಲ್ಲ, ಅದು ಊರಿಂದ ತಂದದ್ದು."

ನಾಚಿಕೆಯಿಂದ ನನಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಪೂಜೆಗೆ ಬೇಕಿತ್ತು ಎಂದು ತೊದಲಿದೆ. ಅದಕ್ಕೆ ಅವರು, "ದೇವರಿಗೆ ಹೂವು ಬೇಕಾದ್ರ ದೇವರನ್ನ ಇಲ್ಲಿಗೆ ಕರಕೊಂಡ ಬರ್ರಿ. ಹೂವನ್ನ ಯಾಕ ಒಯ್ತೀರಿ?" ಎಂದರು. ಆ ಮಾತು ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಹೀಗೆ ಬೈಸಿಕೊಂಡು ಶುರುವಾದ ಪರಿಚಯ ನಮ್ಮದು.

ಕಾಕಾ ಧಾರವಾಡದ ಕೃಷಿ ಕಾಲೇಜಿನಲ್ಲಿ ಓದಿದವರು. ಮೇಲಿನ ಓದಿಗೆಂದು ಇಲ್ಲಿಗೆ ಬಂದು, ಓದು ಅರ್ಧಕ್ಕೆ ಬಿಟ್ಟು, ಪಾರ್ಕಿನ ಕೆಲಸಕ್ಕೆ ಸೇರಿದ್ದರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದ ಹೆಂಗಸರಿಗೆ, "ಏನ್ ಕೆಲಸಾ ಅಂತ ಕೇಳಿದಾಕಿಗೆ ನಾ ಗಿಡಾ ಕಡೀತೀನಿ ಅಂದೆ, ಓಡಿ ಹ್ವಾದ್ಲು" ಅನ್ನುತ್ತಿದ್ದರು. ದೀಪಾವಳಿಗೆ ಯಾವುದಾದರೂ ಶಾಲೆಯ ಕೆಫೆಟೀರಿಯಾದಲ್ಲಿ ನಾವು ಕನ್ನಡದವರು ಸೇರಿದಾಗ ಒಬ್ಬೊಬ್ಬರೂ ಎದ್ದು ಪರಿಚಯ ಹೇಳಿಕೊಳ್ಳಬೇಕಿತ್ತು. ಪ್ರಿನ್ಸ್‌ಟನ್‌ನಲ್ಲಿ ರಿಸರ್ಚ್, ಹಾರ್ಟ್ ಸ್ಪೆಷಲಿಸ್ಟ್, ಸೀನಿಯರ್ ಎಂಜಿನಿಯರ್, ಹೀಗೇ ಸಾಗುತ್ತಿತ್ತು. ಕಾಕಾ ಎದ್ದು ಅದೇ ಮಾತು ಹೇಳುತ್ತಿದ್ದರು, "ನಾ ಗಿಡಾ ಕಡೀತೀನ್ರಿ." ಕೆಲವರು ನಕ್ಕು ಮುಖ ತಿರುಗಿಸುತ್ತಿದ್ದರು. ಅವರ ಮನೆಗಳಿಗೆ ಕಾಕಾಗೆ ಊಟದ ಕರೆ ಹೋಗುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಅದಕ್ಕೇ ಹಟ ಹಿಡಿದು ನಾನು ಭಾನುವಾರ ಕರೆಯುತ್ತಿದ್ದೆ.

ಊಟಕ್ಕೆ ಬಂದವರು ಸುಮ್ಮನೆ ಉಣ್ಣುತ್ತಿದ್ದರೇ? ನನ್ನ ಸಾರಿಗೆ ಸಿಹಿ ಜಾಸ್ತಿ, ಚಟ್ನಿಗೆ ಖಾರ ಇಲ್ಲ, ಮೈಸೂರಿನವರಿಗೆ ನಾಲಿಗೆಯೇ ಇಲ್ಲ. ಮೂರು ಸಲ ಬಡಿಸಿಕೊಂಡು ಹೇಳುವ ಮಾತುಗಳಿವು.

ಏಪ್ರಿಲ್ ತಿಂಗಳಲ್ಲಿ ಮಾತ್ರ ಅವರೇ ಫೋನ್ ಮಾಡುತ್ತಿದ್ದರು. ಹಲೋ ಇಲ್ಲ, ಕ್ಷೇಮ ಸಮಾಚಾರ ಇಲ್ಲ. "ಚುರುಮರಿ ನಾಳೆ ಅರಳ್ತಾವ. ಶುಕ್ರವಾರ ಮಳಿ ಐತಿ. ಗುರುವಾರ ಬರ್ರಿ." ಅಷ್ಟೇ, ಫೋನ್ ಇಟ್ಟುಬಿಡುತ್ತಿದ್ದರು. ಒಮ್ಮೆ ನಮ್ಮ ಯಜಮಾನರು ಫೋನ್ ಕಿತ್ತುಕೊಂಡು, "ಶನಿವಾರ ಇಟ್ಕೊಳ್ಳಿ ಕಾಕಾ, ನಮಗೂ ವೀಕೆಂಡ್ ಇರುತ್ತೆ" ಎಂದರು. "ಹೂವಿಗೆ ನಿಮ್ಮ ವೀಕೆಂಡ್ ಗೊತ್ತಿಲ್ರೀ" ಎಂದು ಆ ಕಡೆಯಿಂದ ಉತ್ತರ ಬಂತು. ಹಾಗಾಗಿ ಹೂ ನೋಡಲು ಹೋಗುತ್ತಿದ್ದವರು ನಾವು ಹೆಂಗಸರೇ. ನಾನು, ನನ್ನ ಗೆಳತಿ ಸರೋಜ, ಜೊತೆಗೆ ಇನ್ನೂ ಮೂರು ನಾಲ್ಕು ಜನ, ಒಂದೇ ಸ್ಟೇಷನ್ ವ್ಯಾಗನ್‌ನಲ್ಲಿ ಮಕ್ಕಳನ್ನೂ ಚಿತ್ರಾನ್ನವನ್ನೂ ತುಂಬಿಕೊಂಡು.

ಚುರುಮರಿ ಎಂದರೆ ತಿನ್ನುವ ಚುರುಮರಿಯಲ್ಲ. ಯೋಶಿನೊ ಎಂಬ ಜಪಾನಿ ಜಾತಿಯ ಚೆರಿ. ಐದೇ ಎಸಳಿನ ಬಿಳಿಚು ಹೂವು. ಕಾಕಾ ಪ್ರತಿಯೊಂದು ಜಾತಿಗೂ ಕನ್ನಡದ ಹೆಸರಿಟ್ಟಿದ್ದರು. ಎಲ್ಲಕ್ಕಿಂತ ಮೊದಲು ಅರಳುವ, ಕೊಂಬೆ ಕೆಳಗೆ ಇಳಿಬಿಟ್ಟ ಹಿಗಾನ್ ಮರಕ್ಕೆ "ಎರಕೊಂಡಾಕಿ", ಅಂದರೆ ತಲೆಗೆ ನೀರೆರೆದುಕೊಂಡು ಕೂದಲು ಬಿಟ್ಟುಕೊಂಡವಳು. ಕೊನೆಗೆ ಅರಳುವ, ಗೊಂಚಲು ಗೊಂಚಲು ಗುಲಾಬಿ ಬಣ್ಣದ ಕಾನ್‌ಜಾನ್‌ಗೆ "ಮದುವಿಮನಿ". ಜನ ಮುಗಿಬೀಳುತ್ತಿದ್ದದ್ದು ಈ ಮದುವೆಮನೆಗೇ. ಕಾಕಾಗೆ ಅದನ್ನು ಕಂಡರಾಗದು. "ಅಬ್ಬರ ನೋಡ್ರಿ, ಒಂದು ಎಸಳಿಗೂ ಉಸಿರಾಡಾಕ ಜಾಗಾ ಇಲ್ಲ" ಅನ್ನುವರು. ಚುರುಮರಿಯ ಬಗ್ಗೆ ನಾನು, "ನಮ್ಮ ಕಡೆ ಅದಕ್ಕೆ ಕಡ್ಲೆಪುರಿ ಅಂತಾರೆ ಕಾಕಾ" ಎಂದು ಪ್ರತಿ ವರ್ಷ ತಿದ್ದುತ್ತಿದ್ದೆ. "ಹಂಗಾದ್ರ ಮೈಸೂರಾಗ ಒಂದು ಗಿಡಾ ಹಚ್ಚಿ ಹಂಗ ಕರೀರಿ" ಎಂದು ಪ್ರತಿ ವರ್ಷವೂ ಉತ್ತರ ಕೊಡುತ್ತಿದ್ದರು.

ಹೂ ನೋಡಲೂ ಅವರದೊಂದು ಕ್ರಮವಿತ್ತು. ಹೋದ ತಕ್ಷಣ ತಲೆ ಎತ್ತುವಂತಿಲ್ಲ. ಮೊದಲು ಕಾಂಡ ನೋಡಬೇಕು. ಚೆರಿ ಮರದ ತೊಗಟೆಯ ಮೇಲೆ ಅಡ್ಡಡ್ಡ ಗೆರೆಗಳಿರುತ್ತವೆ. "ವಿಭೂತಿ ಹಚ್ಚಿಕೊಂಡು ನಿಂತಾನ, ಮೊದಲ ನಮಸ್ಕಾರ ಅವಗ" ಎಂದು ನಮ್ಮ ಕೈ ಹಿಡಿದು ಗೆರೆಗಳನ್ನು ಮುಟ್ಟಿಸುತ್ತಿದ್ದರು. ಆಮೇಲೆ ಐದು ನಿಮಿಷ ಮಾತಿಲ್ಲದೆ ಮೇಲೆ ನೋಡಬೇಕು. ನಮ್ಮಂಥ ಹೆಂಗಸರಿಗೆ ಐದು ನಿಮಿಷ! ಸರೋಜ ಅಂತೂ ಎರಡನೇ ನಿಮಿಷಕ್ಕೇ ಚಿತ್ರಾನ್ನದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು. ಮರಕ್ಕೆ ಬೆನ್ನು ಹಾಕಿ ಊಟಕ್ಕೆ ಕೂತವರನ್ನು ಕಾಕಾ ಎಬ್ಬಿಸಿ ತಿರುಗಿ ಕೂರಿಸಿದ್ದೂ ಉಂಟು. ಹೀಗಿತ್ತು ಸೌಮ್ಯ ಸ್ವಭಾವ!

ಈಗ ಆ ಮರದ ಮಾತಿಗೆ ಬರುತ್ತೇನೆ. ಪಾರ್ಕಿನ ಕೊನೆಯಲ್ಲಿ, ಕೊಳದ ಆಚೆ, ಯಾರೂ ಹೋಗದ ಮೂಲೆಯಲ್ಲಿ ಅದು ಒಂಟಿಯಾಗಿತ್ತು. ಇಡೀ ಪಾರ್ಕಿಗೆ ಆ ಜಾತಿಯದು ಅದೊಂದೇ. ಹೂವಿನ ಬಣ್ಣ ಬಿಳಿಯೂ ಅಲ್ಲ, ಗುಲಾಬಿಯೂ ಅಲ್ಲ. ಹಾಲಿಗೆ ಚಿಟಿಕೆ ಅರಿಸಿನ ಹಾಕಿದ ಹಾಗೆ. ಕಾಕಾ ನಮ್ಮನ್ನು ಅಲ್ಲಿಗೆ ಕರೆದೊಯ್ದದ್ದು ಪರಿಚಯವಾಗಿ ಮೂರು ವರ್ಷವಾದ ಮೇಲೆ.

"ಇದರ ಹೆಸರು ಉಕೋನ್. ಹಂಗಂದ್ರ ಏನು ಹೇಳ್ರಿ ನೋಡೂಣು" ಎಂದರು.

ನಮಗೇನು ಗೊತ್ತು ಜಪಾನಿ?

"ಅರಿಸಿನ!" ಎಂದರು, ತಾವೇ ಇಟ್ಟ ಹೆಸರೇನೋ ಎಂಬಷ್ಟು ಖುಷಿಯಿಂದ. "ಜಪಾನದಾಗೂ ಅರಿಸಿನ ಅಂತನ ಕರದಾರ. ಇದಕ್ಕ ನಾ ಹೆಸರಿಡೂದು ಬೇಕಾಗಲೇ ಇಲ್ಲ. ಉದುರೂ ಹೊತ್ತಿಗೆ ಬಂದು ನೋಡ್ರಿ, ನಟ್ಟನಡುವ ಕೆಂಪಾಗತೈತಿ. ಅರಿಸಿನದ ಮ್ಯಾಲ ಕುಂಕುಮ."

ನಾವು ಉದುರುವ ಹೊತ್ತಿಗೂ ಹೋದೆವು. ನಿಜಕ್ಕೂ ಪ್ರತಿ ಹೂವಿನ ನಡುವೆ ಕೆಂಪು ಇಳಿದಿತ್ತು. ಊರು ಬಿಟ್ಟು ಬಂದ ಮೇಲೆ ನನ್ನದು ಎಂದು ಅನ್ನಿಸಿದ ಮೊದಲ ವಸ್ತು ಆ ಮರ. ಅವತ್ತಿನಿಂದ ನಮ್ಮೊಳಗೆ ಅದಕ್ಕೆ ಮುತ್ತೈದೆ ಮರ ಎಂದೇ ಹೆಸರಾಯಿತು.

ಎಪ್ಪತ್ತನಾಲ್ಕರ ವಸಂತದಲ್ಲಿ ಕಾಕಾ ಮಂಕಾಗಿದ್ದರು. ಅರಿಸಿನದ ಮರದ ಬುಡ ಟೊಳ್ಳಾಗಿತ್ತು. ಕಾಂಡದಲ್ಲಿ ಅಣಬೆ ಎದ್ದಿತ್ತು. ಪಾರ್ಕಿನ ಫೋರ್‌ಮನ್ ಅದನ್ನು ತೆಗೆಸಬೇಕೆಂದಿದ್ದ. ಇನ್ನೊಂದು ತರಿಸಿ ನೆಡಿ ಎಂದರೆ, "ಜನ ಬರೋದು ಪಿಂಕ್ ನೋಡೋಕೆ, ಹಳದಿ ಯಾರಿಗೆ ಬೇಕು?" ಎಂದನಂತೆ. ಹಾಗಾಗಿ ಕಾಕಾ ತಾವೇ ಕಸಿ ಕಟ್ಟಲು ಹೊರಟಿದ್ದರು. ಚಳಿಗಾಲದಲ್ಲಿ ಕಡ್ಡಿ ಕತ್ತರಿಸಿ ಕಸಿ ಮಾಡಿದ್ದು ಹಿಡಿದಿರಲಿಲ್ಲ. ಇನ್ನು ಉಳಿದದ್ದು ಕಣ್ಣು ಕಸಿ ಒಂದೇ, ಅಂದರೆ ಚಿಗುರಿನ ಮೊಳಕೆಯನ್ನು ಕೆತ್ತಿ ಬೇರೆ ಸಸಿಯ ತೊಗಟೆಯಲ್ಲಿ ಕೂರಿಸಿ ಕಟ್ಟುವುದು. ಆ ವರ್ಷದ ಚಿಗುರು ಬಲಿತು, ಎಲೆಯ ಬುಡದಲ್ಲಿ ಕಣ್ಣು ತುಂಬಿಕೊಳ್ಳಲು ಆಗಸ್ಟ್ ಬರಬೇಕು. ಫೋರ್‌ಮನ್‌ನ ಹಿಂದೆ ಬಿದ್ದು, ಜಗಳವಾಡಿ, ಕೊನೆಗೆ ಆಗಸ್ಟ್‌ವರೆಗೆ ಗಡುವು ಪಡೆದಿದ್ದರು. ಸಾಮಾನಿನ ಶೆಡ್ಡಿನ ಹಿಂದೆ ಕಾಡು ಚೆರಿಯ ಸಸಿಗಳನ್ನು ನೆಟ್ಟು ಸಿದ್ಧ ಮಾಡಿಕೊಂಡಿದ್ದರು.

"ಆಗಸ್ಟ್ ತನಾ ನಿಂತ್ರ ಸಾಕ್ರೀ ಅಕ್ಕಾರ" ಎಂದರು ನನಗೆ. ಧ್ವನಿ ಕುಗ್ಗಿತ್ತು. "ಆಮ್ಯಾಲ ಬೇಕಾದ್ರ ನಾನ ಕಡೀತೀನಿ."

ಅವರ ಬಾಯಲ್ಲಿ ಆ ಕುಗ್ಗಿದ ಧ್ವನಿ ಕೇಳಿ ನನಗೆ ತಡೆಯಲಾಗಲಿಲ್ಲ. ಮನೆಗೆ ಬಂದವಳೇ ಸರೋಜನಿಗೆ ಫೋನ್ ಮಾಡಿದೆ. "ನೋಡು, ಆ ಮರಕ್ಕೆ ಏನಾದ್ರೂ ಮಾಡಬೇಕು ಕಣೆ. ಶುಕ್ರವಾರ ಹೋಗಿ ಪೂಜೆ ಮಾಡಿ ಬರೋಣ. ದೇವರನ್ನ ಅಲ್ಲಿಗೇ ಕರ್ಕೊಂಡು ಬನ್ನಿ ಅಂತ ಕಾಕಾನೇ ಅಂದಿದ್ರಲ್ಲ."

ಮೇ ತಿಂಗಳ ಮೊದಲ ಶುಕ್ರವಾರ ಹೋದೆವು. ಹೂವು ಉದುರಲು ಶುರುವಾಗಿತ್ತು. ಕಾಂಡದಲ್ಲಿ ನಮ್ಮ ಎದೆಯ ಮಟ್ಟಕ್ಕೆ ಯಾರೋ ತೊಗಟೆ ಹೆರೆದು ನುಣುಪು ಮಾಡಿದ ಅಂಗೈಯಗಲದ ಜಾಗವಿತ್ತು. ಪಾಪ, ಗಾಯವಾಗಿದೆ ಅಂದುಕೊಂಡೆ. ಅಲ್ಲಿಯೇ ಅರಿಸಿನ ಬಳಿದೆ. ಅದರ ಮೇಲೆ ದೊಡ್ಡದಾಗಿ ಕುಂಕುಮ ಇಟ್ಟೆ. ಮಳೆ ಬಂದರೂ ಹೋಗಬಾರದೆಂದು ಕುಂಕುಮವನ್ನು ಎಣ್ಣೆಯಲ್ಲಿ ಕಲಸಿಕೊಂಡು ಹೋಗಿದ್ದೆ. ಅಷ್ಟು ಜಾಣೆ ನಾನು! ಊದುಬತ್ತಿ ಹಚ್ಚಿ, ಬಾಳೆಹಣ್ಣು ಇಟ್ಟು, "ತಾಯಿ, ಆಗಸ್ಟ್‌ವರೆಗೆ ಇದ್ದುಬಿಡು" ಎಂದು ಕೈಮುಗಿದೆವು. ಕಾಕಾ ಅಂದು ಪಾರ್ಕಿನ ಇನ್ನೊಂದು ತುದಿಯಲ್ಲಿದ್ದರು. ಹೇಳುವುದು ಬೇಡ, ತಾವೇ ನೋಡಿ ಖುಷಿಪಡಲಿ ಎಂದು ಸದ್ದಿಲ್ಲದೆ ಬಂದುಬಿಟ್ಟೆವು.

ಮಂಗಳವಾರ ಸಂಜೆ ಅವರ ಫೋನ್ ಬಂತು.

"ಅಕ್ಕಾರ, ಶುಕ್ರವಾರ ನೀವು ಪಾರ್ಕಿಗೆ ಬಂದಿದ್ರೇನು?"

"ಬಂದಿದ್ವಿ ಕಾಕಾ! ನೋಡಿದ್ರಾ? ಅರಿಸಿನ ಕುಂಕುಮ ಇಟ್ಟು ಪೂಜೆ ಮಾಡಿ ಬಂದ್ವಿ. ಇನ್ನು ಏನೂ ಆಗಲ್ಲ, ನೋಡ್ತಾ ಇರಿ."

ಅವರು "ಆತು" ಎಂದು ಫೋನ್ ಇಟ್ಟರು.

ಬೈಯದೆ ಫೋನ್ ಇಟ್ಟದ್ದು ನನಗೆ ವಿಚಿತ್ರವೆನಿಸಿತು. ಆ ಶುಕ್ರವಾರ ಚಪಾತಿ ಪಲ್ಯ ಕಟ್ಟಿಕೊಂಡು ಒಬ್ಬಳೇ ಹೋದೆ. ಕೊಳ ದಾಟಿ ನೋಡಿದರೆ ಮರವಿಲ್ಲ. ನೆಲದ ಮಟ್ಟಕ್ಕೆ ಕೊಯ್ದ ಬೊಡ್ಡೆ, ಸುತ್ತ ಗರಗಸದ ಹೊಟ್ಟು, ಆ ಹೊಟ್ಟಿನಲ್ಲಿ ಬಾಡಿದ ಹೂವು. ಅಲ್ಲಿಂದ ಸುಮ್ಮನೆ ಕಣ್ಣು ಹಾಯಿಸಿದೆ. ಆಚೆ ಒಣಗಿದ ಒಂದು ಮೇಪಲ್ ಮರ, ಅದರಾಚೆ ಸಿಡಿಲು ಹೊಡೆದ ಒಂದು ಓಕ್. ಎರಡರ ಕಾಂಡದ ಮೇಲೂ, ಎದೆಯ ಮಟ್ಟದಲ್ಲಿ, ಒಂದೊಂದು ಕೆಂಪು ಬೊಟ್ಟು.

ಯಾರೂ ಹೇಳಿಕೊಡಬೇಕಾಗಲಿಲ್ಲ. ಕಡಿಯಬೇಕಾದ ಮರಕ್ಕೆ ಅಲ್ಲಿ ಕೆಂಪು ಬಣ್ಣದ ಬೊಟ್ಟು ಇಡುತ್ತಾರೆ. ಗಡುವು ಸಿಕ್ಕಿದ ದಿನ ಆ ಬೊಟ್ಟನ್ನು ಕಾಕಾ ತಮ್ಮ ಕೈಯಾರೆ ಹೆರೆದು ತೆಗೆದಿದ್ದರು. ಹೆರೆದ ಅದೇ ಜಾಗದಲ್ಲಿ ನಾನು ಮತ್ತೆ ಕೆಂಪು ಇಟ್ಟಿದ್ದೆ. ಹೂವಿನ ಕಾಲ ಮುಗಿಯಿತೆಂದು ಸೋಮವಾರ ಕಡಿಯುವ ತಂಡ ಹೊರಗಿನಿಂದ ಬಂದು, ಕೊಳದ ಕಡೆಯಿಂದ ಶುರುಮಾಡಿ, ಉಳಿದ ಬೊಟ್ಟಿನ ಮರಗಳನ್ನು ಮುಂದಿನ ವಾರಕ್ಕೆ ಬಿಟ್ಟು ಹೋಗಿತ್ತೆಂದು ಆಮೇಲೆ ತಿಳಿಯಿತು. ಸೋಮವಾರ ಕಾಕಾಗೆ ವಾರದ ರಜೆ.

ಶೆಡ್ಡಿನ ಹಿಂದೆ ಕಾಕಾ ಕುಕ್ಕರಗಾಲಲ್ಲಿ ಕೂತಿದ್ದರು. ಕಡಿದುಹೋದ ಮರದ ಕೊಂಬೆಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟುಕೊಂಡು, ಎಳೆಯ ಕಣ್ಣುಗಳನ್ನೇ ಕೆತ್ತಿ ಸಸಿಗಳಿಗೆ ಕಟ್ಟುತ್ತಿದ್ದರು. ನಾನು ಅಲ್ಲೇ ಅಳಲು ಶುರುಮಾಡಿದೆ.

"ಕಾಕಾ, ನಾನೇ ಕಡಿಸಿಬಿಟ್ಟೆ."

ಇಲ್ಲ ಬಿಡ್ರಿ, ನಿಮಗೇನು ಗೊತ್ತಿತ್ತು ಎಂದು ಅವರು ಹೇಳಬಹುದು ಎಂದು ನಾನು ಒಳಗೊಳಗೇ ಆಸೆಪಟ್ಟಿದ್ದೆ. ಸುಳ್ಳೇಕೆ ಹೇಳಲಿ.

"ಹೌದು! ನೀನ ಕಡಿಸಿದಿ!" ಎಂದು ಕೂಗಿದರು. "ಮೂರು ತಿಂಗಳಾ! ಇನ್ನ ಮೂರು ತಿಂಗಳಾ ಇದ್ದಿದ್ರ ಆಗತಿತ್ತು. ಒಂದು ಮಾತು ನನ್ನ ಕೇಳಾಕ ಏನಾಗಿತ್ತು ನಿನಗ?"

ನಾಲ್ಕೈದು ವರ್ಷ ನನ್ನನ್ನು ಅಕ್ಕಾರ, ನೀವು, ಬರ್ರಿ ಎಂದೇ ಕರೆದಿದ್ದ ಮನುಷ್ಯ ಮೊದಲ ಸಲ ಏಕವಚನಕ್ಕೆ ಇಳಿದಿದ್ದರು. ಅದು ಮರಕ್ಕಿಂತ ಹೆಚ್ಚು ಚುಚ್ಚಿತು. ಸ್ವಲ್ಪ ಹೊತ್ತಾದ ಮೇಲೆ ಅವರು ಮುಖವೆತ್ತದೆ, ಕಸಿ ಪಟ್ಟಿಯ ಸುರುಳಿಯನ್ನು ನನ್ನ ಕಡೆ ನೂಕಿದರು.

"ಅಳೂದು ಸಾಕು. ಇದನ್ನ ಹಿಡಿ. ಬಿಗಿಯಾಗಿ ಸುತ್ತು, ಕಣ್ಣಿನ ಮ್ಯಾಲ ಸುತ್ತಬ್ಯಾಡ."

ಮಧ್ಯಾಹ್ನದವರೆಗೂ ಅವರು ಕಣ್ಣು ಕೂರಿಸಿದರು, ನಾನು ಸುತ್ತಿದೆ. ಒಟ್ಟು ಇಪ್ಪತ್ತೆರಡು. ಒಂದೂ ಹಿಡಿಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು, ಕಾಲವಲ್ಲದ ಕಾಲ. ಆದರೂ ಕಟ್ಟಿದರು. ನಾನು ಪ್ರತಿ ವಾರ ಹೋಗಿ ನೋಡುತ್ತಿದ್ದೆ. ಒಂದೊಂದಾಗಿ ಕಂದಿ ಬಿದ್ದುಹೋದವು. ಜುಲೈ ಹೊತ್ತಿಗೆ ಕೊನೆಯದೂ ಹೋಯಿತು. ಕಾಕಾ ಪಟ್ಟಿ ಬಿಚ್ಚಿ ನೋಡಿ, "ಮುಗೀತು" ಎಂದು ಚಾಕು ಒರೆಸಿ ಜೇಬಿಗೆ ಹಾಕಿಕೊಂಡರು. ಅವರು ನನ್ನನ್ನು ಕ್ಷಮಿಸಿದೆ ಎಂದು ಯಾವತ್ತೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮುಂದಿನ ಏಪ್ರಿಲ್‌ನಲ್ಲಿ ಫೋನ್ ಬಂತು. "ಚುರುಮರಿ ನಾಡಿದ್ದು. ಮಂದೀನ ಕರಕೊಂಡು ಬಾ." ಬನ್ನಿ ಅಲ್ಲ, ಬಾ. ಸಿಟ್ಟು ಇನ್ನೂ ಇಳಿದಿಲ್ಲ ಅಂದುಕೊಂಡೆ. ಕೊಳದ ಆಚೆ ಹೋದಾಗ ಹೊಸದಾಗಿ ಬಂದಿದ್ದ ಹೆಂಗಸೊಬ್ಬರು, "ಇಲ್ಲೊಂದು ಅರಿಸಿನದ ಮರ ಇತ್ತಂತಲ್ಲ, ಏನಾಯ್ತು?" ಎಂದರು. ಸರೋಜ ನನ್ನ ಮುಖ ನೋಡಿದಳು. "ಹಳೇದಾಗಿತ್ರಿ" ಎಂದು ಕಾಕಾ ಮುಂದೆ ನಡೆದರು. ಆ ಏಕವಚನ ಆಮೇಲೆ ಬದಲಾಗಲೇ ಇಲ್ಲ. ನನ್ನ ಸಾರಿನ ಸಿಹಿ ಜಾಸ್ತಿ ಎಂದು ಬೈಯುವುದೂ ನಿಲ್ಲಲಿಲ್ಲ, ಭಾನುವಾರದ ಊಟಕ್ಕೆ ಬರುವುದೂ ನಿಲ್ಲಲಿಲ್ಲ.

ಹೋದ ನವೆಂಬರಿನಲ್ಲಿ ಎದೆನೋವು ಬಂದು ಕಾಕಾ ಎರಡೇ ದಿನದಲ್ಲಿ ಹೊರಟುಹೋದರು. ಫ್ಯೂನರಲ್ ಹೋಮ್‌ನಲ್ಲಿ ನಮ್ಮ ಕೂಟದವರು ಬಹಳ ಜನ ಸೇರಿದ್ದರು. ಊಟಕ್ಕೆ ಕರೆಯದವರೂ ಬಂದಿದ್ದರು. ಕೊನೆಯ ಸಾಲಿನಲ್ಲಿ ದಪ್ಪಗಿನ ಬಿಳಿಯ ಮುದುಕನೊಬ್ಬ ಬಿಗಿಯಾದ ಸೂಟು ಹಾಕಿಕೊಂಡು ಬೆವರುತ್ತ ಕೂತಿದ್ದ. ಪಾರ್ಕಿನ ಫೋರ್‌ಮನ್. ನಾನು ಹೋಗಿ ಪಕ್ಕದಲ್ಲಿ ಕೂತೆ.

"ನನ್ನ ಜೊತೆ ಅಷ್ಟು ಜಗಳವಾಡಿದವರು ಇನ್ನೊಬ್ಬರಿಲ್ಲ" ಎಂದ ಅವನು ಇಂಗ್ಲಿಷಿನಲ್ಲಿ. "ನಮ್ಮಲ್ಲಿ ಕಡಿಯುವ ಮರಕ್ಕೆ ಕೆಂಪು ಬೊಟ್ಟು ಇಡುತ್ತಿದ್ದೆವು. ಅದನ್ನು ನೀಲಿ ಮಾಡು ಎಂದು ಒಂದು ವರ್ಷ ನನ್ನ ತಲೆ ತಿಂದ. ಇಡೀ ಕೌಂಟಿಯಲ್ಲಿ ಕೆಂಪೇ ಇದೆ, ನಿನಗೇನು ಕಷ್ಟ ಎಂದೆ. ಏನೆಂದ ಗೊತ್ತೇ? 'ಯಾವುದು ಉಳಿಯಲಿ ಎಂದು ಬಯಸುತ್ತಾರೋ ಅದಕ್ಕೆ ನಮ್ಮ ಜನ ಕೆಂಪು ಹಚ್ಚುತ್ತಾರೆ' ಎಂದ. ಕೊನೆಗೆ ನೀಲಿ ಮಾಡಿದೆ. ನಮ್ಮ ಪಾರ್ಕೊಂದರಲ್ಲೇ ನೀಲಿ."

ಆ ನೀಲಿ ಬೊಟ್ಟುಗಳನ್ನು ನಾನೂ ನೋಡಿದ್ದೆ. ಕೆಂಪು ಬಣ್ಣ ಖಾಲಿಯಾಗಿರಬೇಕು ಅಂದುಕೊಂಡಿದ್ದೆ. ಕಣ್ಣು ತುಂಬಿ ಎದುರಿನದೇನೂ ಕಾಣದಾಯಿತು.

"ಆ ಹಳದಿ ಮರಕ್ಕೆ ಬೊಟ್ಟು ಇಟ್ಟದ್ದು ಯಾರು ಎಂದು ಅವತ್ತು ಕೇಳಿದ್ದೆ" ಎಂದು ಅವನು ಮುಂದುವರಿಸಿದ. "ಪೊಲೀಸರಿಗೆ ಹೇಳುತ್ತೇನೆ ಎಂದೂ ಹೆದರಿಸಿದೆ. 'ಇಟ್ಟದ್ದು ನನ್ನ ಮಗಳು, ಏನು ಮಾಡುತ್ತೀಯೋ ಮಾಡು' ಎಂದುಬಿಟ್ಟ. ಮದುವೆಯಾಗದವನು ಅಂದುಕೊಂಡಿದ್ದೆ ನಾನು. ಮಗಳಿದ್ದದ್ದೇ ಗೊತ್ತಿರಲಿಲ್ಲ." ಕತ್ತು ಎತ್ತಿ ನಮ್ಮ ಜನರ ಸಾಲುಗಳ ಮೇಲೆ ಕಣ್ಣಾಡಿಸಿದ. "ಅವಳಿಗೆ ಒಂದು ಮಾತು ಹೇಳಿ ಹೋಗೋಣ ಎಂದು ಕೂತಿದ್ದೇನೆ. ಬಂದಿದ್ದಾಳೆಯೇ?"

"ಬಂದಿದ್ದಾಳೆ" ಎಂದೆ.